ಕೂದಲು, ಉಗುರಿಗೆ ವಿಟಮಿನ್ ಮಾತ್ರೆ: ಬಯೋಟಿನ್ನೋ, ಕಬ್ಬಿಣವೋ, ಊಟವೋ?

ಶಿವಮೊಗ್ಗದ ದುರ್ಗಿಗುಡಿಯ ಔಷಧ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫಾರ್ಮಸಿಸ್ಟ್ ಆಗಿರುವ ನನಗೆ ಮಳೆಗಾಲ ಮುಗಿಯುವ ಹೊತ್ತಿಗೆ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: "ಅಣ್ಣ, ಕೂದಲು ಉದುರೋದಕ್ಕೆ ಯಾವ ಮಾತ್ರೆ ಒಳ್ಳೇದು?" ಕೇಳುವವರು ಬರಿಗೈಯಲ್ಲಿ ಬಂದಿರುವುದಿಲ್ಲ. ಮೊಬೈಲಿನಲ್ಲಿ ಯಾವುದೋ ಬಾಟಲಿಯ ಚಿತ್ರವಿರುತ್ತದೆ, ಅಥವಾ ಪಕ್ಕದ ಮನೆಯವರು ನುಂಗುತ್ತಿರುವ ಮಾತ್ರೆಯ ಖಾಲಿ ಹಾಳೆಯಿರುತ್ತದೆ. ನಾನು ಮಾತ್ರೆಯ ಹೆಸರು ಹೇಳುವ ಮೊದಲು ಒಂದು ಮಾತು ಕೇಳುತ್ತೇನೆ: ಎರಡು ಮೂರು ತಿಂಗಳ ಹಿಂದೆ ನಿಮಗೆ ಏನಾಗಿತ್ತು? ಜ್ವರ ಬಂದಿತ್ತೇ, ಹೆರಿಗೆಯಾಗಿತ್ತೇ, ಆಪರೇಷನ್ ಆಗಿತ್ತೇ, ರಾತ್ರಿಯೂಟ ಬಿಟ್ಟು ತೂಕ ಇಳಿಸಿದ್ದಿರೇ?

ಕೂದಲು ಉದುರುವ ದಿನಕ್ಕೂ ಅದಕ್ಕೆ ಕಾರಣವಾದ ದಿನಕ್ಕೂ ನಡುವೆ ಇಷ್ಟೊಂದು ಅಂತರವಿರುವುದರಿಂದ ಈ ಪ್ರಶ್ನೆ ಮುಖ್ಯವಾಗುತ್ತದೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಬಳಿಕ ಎರಡು ಮೂರು ತಿಂಗಳು ಬೆಳವಣಿಗೆ ನಿಲ್ಲಿಸಿ ವಿಶ್ರಮಿಸಿ, ಕೊನೆಗೆ ಉದುರಿ ಹೊಸ ಕೂದಲಿಗೆ ಜಾಗ ಬಿಡುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಸಹಜ. ಆದರೆ ಡೆಂಗಿ, ಟೈಫಾಯಿಡ್, ನಮ್ಮ ಮಲೆನಾಡಿನ ಮಂಗನ ಕಾಯಿಲೆಯಂಥ ಜೋರಾದ ಜ್ವರ ಬಂದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಒಮ್ಮೆಲೇ ವಿಶ್ರಾಂತಿಗೆ ಜಾರುತ್ತವೆ. ಜ್ವರ ಬಿಟ್ಟು, ಮೈಯಲ್ಲಿ ಶಕ್ತಿ ಬಂದು, ಎಲ್ಲ ಮರೆತುಹೋದ ಮೇಲೆ ಬಚ್ಚಲ ಜಾಲರಿಯಲ್ಲಿ ಮುಷ್ಟಿಗಟ್ಟಲೆ ಕೂದಲು ಸಿಕ್ಕಿಕೊಳ್ಳುತ್ತದೆ. ಆಷಾಢದಲ್ಲಿ ಜ್ವರದಿಂದ ಮಲಗಿದವರು ನವರಾತ್ರಿಯ ಹೊತ್ತಿಗೆ ನಮ್ಮ ಅಂಗಡಿಗೆ ಬರುವುದು ಹೀಗೆ. ಬೇರೆ ಕೊರತೆಯಿಲ್ಲದಿದ್ದರೆ ಈ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಆ ಅವಧಿಯಲ್ಲಿ ಯಾವ ಮಾತ್ರೆ ನುಂಗುತ್ತಿದ್ದರೂ ಕೂದಲು ಮರಳಿದ ಕೀರ್ತಿ ಅದಕ್ಕೇ ಸಲ್ಲುತ್ತದೆ. ದುಬಾರಿ ಬಾಟಲಿಗಳಿಗೆ ಬಂದಿರುವ ಒಳ್ಳೆಯ ಹೆಸರಿನಲ್ಲಿ ದೊಡ್ಡ ಪಾಲು ಹೀಗೆ ಬಂದದ್ದೆಂಬುದು ನನ್ನ ನಂಬಿಕೆ.

ಆದ್ದರಿಂದ ಮುಂದಿನ ಹೋಲಿಕೆಯಲ್ಲಿ ನಾನು ಬಳಸುವ ಅಳತೆಗೋಲು ಒಂದೇ. ನಿಮ್ಮ ದೇಹದಲ್ಲಿ ಇಲ್ಲದ್ದನ್ನು ಕೊಡುವ ಮಾತ್ರೆ ಕೆಲಸ ಮಾಡುತ್ತದೆ. ಈಗಾಗಲೇ ಸಾಕಷ್ಟು ಇರುವುದನ್ನು ಇನ್ನಷ್ಟು ಸುರಿಯುವ ಮಾತ್ರೆ ಕೂದಲಿಗೆ ಏನನ್ನೂ ಮಾಡುವುದಿಲ್ಲ, ಕೆಲವೊಮ್ಮೆ ಇರುವ ಕೂದಲನ್ನೂ ಕಳೆಯುತ್ತದೆ.

ಬಯೋಟಿನ್: ಹೆಚ್ಚು ಮಾರಾಟ, ಕಡಿಮೆ ಅಗತ್ಯ

ಬಿ ಗುಂಪಿಗೆ ಸೇರಿದ, ಬಿ7 ಎಂದೂ ಕರೆಯುವ ಈ ವಿಟಮಿನ್ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ ಮಾತ್ರ. ಮೊಟ್ಟೆಯ ಹಳದಿ, ಶೇಂಗಾ, ಕಾಳುಗಳು, ಹಾಲು ಇವುಗಳಿಂದ ಅಷ್ಟು ಸಿಗುತ್ತದೆ. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ 5 ಅಥವಾ 10 ಮಿಲಿಗ್ರಾಂ, ಅಂದರೆ 5,000 ಅಥವಾ 10,000 ಮೈಕ್ರೋಗ್ರಾಂ ಇರುತ್ತದೆ. ದಿನದ ಅಗತ್ಯದ ನೂರೈವತ್ತು, ಮುನ್ನೂರು ಪಟ್ಟಿಗೂ ಮೀರಿದ ಈ ಪ್ರಮಾಣವನ್ನು ಬಾಟಲಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ, ದೊಡ್ಡ ಸಂಖ್ಯೆಯೇ ದೊಡ್ಡ ಗುಣವೆಂಬ ಭಾವನೆ ಹುಟ್ಟಿಸುತ್ತಾರೆ.

ಬಯೋಟಿನ್ ಕೊರತೆಯಾದರೆ ಕೂದಲು ಉದುರುತ್ತದೆ ಎಂಬುದು ನಿಜ. ಆದರೆ ಆ ಕೊರತೆ ತೀರ ಅಪರೂಪ. ಹುಟ್ಟಿನಿಂದಲೇ ಬರುವ ಒಂದು ಕಿಣ್ವದ ದೋಷವಿರುವ ಮಕ್ಕಳಲ್ಲಿ, ಫಿಟ್ಸ್‌ಗೆ ಕೊಡುವ ಕೆಲವು ಔಷಧಗಳನ್ನು ದೀರ್ಘಕಾಲ ಸೇವಿಸುವವರಲ್ಲಿ, ಹಸಿ ಮೊಟ್ಟೆಯ ಬಿಳಿಭಾಗವನ್ನು ತಿಂಗಳುಗಟ್ಟಲೆ ತಿನ್ನುವವರಲ್ಲಿ ಅದು ಕಾಣಿಸಬಹುದು. ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ನನ್ನು ಕಟ್ಟಿಹಾಕುತ್ತದೆ, ಮೊಟ್ಟೆ ಬೇಯಿಸಿದರೆ ಆ ತೊಂದರೆಯಿಲ್ಲ. ಆರೋಗ್ಯವಂತರ ಕೂದಲು ಬಯೋಟಿನ್‌ನಿಂದ ದಟ್ಟವಾಗುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಉಗುರಿನ ವಿಷಯದಲ್ಲಿ ಸ್ವಲ್ಪ ಭಿನ್ನ: ಸೀಳುವ, ಪದರ ಏಳುವ ಉಗುರಿನವರಿಗೆ ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟು ನೋಡಿದ ಕೆಲವು ಹಳೆಯ, ಚಿಕ್ಕ ಅಧ್ಯಯನಗಳಲ್ಲಿ ಉಗುರು ಗಟ್ಟಿಯಾದದ್ದು ವರದಿಯಾಗಿದೆ. ಹಾಗಾಗಿ ಉಗುರಿಗೆ ಮೂರು ನಾಲ್ಕು ತಿಂಗಳು ಪ್ರಯತ್ನಿಸಿ ನೋಡುವವರನ್ನು ನಾನು ತಡೆಯುವುದಿಲ್ಲ. ಆದರೆ 10 ಮಿಲಿಗ್ರಾಮಿನ ಬಾಟಲಿಯನ್ನು ಅವರ ಕೈಗಿಡುವುದಿಲ್ಲ.

ಅದನ್ನು ಕೊಡದಿರುವುದಕ್ಕೆ ಬಲವಾದ ಕಾರಣವೊಂದಿದೆ, ಅದು ನಮ್ಮ ಮನೆಯಲ್ಲೇ ನಡೆದದ್ದು. ನನ್ನ ಅಣ್ಣನ ಮಗಳು ಹೆರಿಗೆಯಾದ ನಾಲ್ಕನೆಯ ತಿಂಗಳಲ್ಲಿ ಕೂದಲು ಉದುರುತ್ತದೆಂದು ಆನ್‌ಲೈನಿನಲ್ಲಿ 10 ಮಿಲಿಗ್ರಾಮಿನ ಬಯೋಟಿನ್ ತರಿಸಿಕೊಂಡು ನುಂಗುತ್ತಿದ್ದಳು. ಕೂದಲಿಗೆಂದೇ ಥೈರಾಯ್ಡ್ ಪರೀಕ್ಷೆ ಮಾಡಿಸಿದಾಗ, ಆ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್ ಟಿಎಸ್‌ಎಚ್ ತೀರ ಕಡಿಮೆ, ಗ್ರಂಥಿಯದೇ ಹಾರ್ಮೋನ್ ಟಿ4 ಹೆಚ್ಚು ಎಂದು ವರದಿ ಬಂತು. ತೋರಿಸಿದ ವೈದ್ಯರು ಥೈರಾಯ್ಡ್ ಹದ್ದು ಮೀರಿ ಕೆಲಸ ಮಾಡುತ್ತಿದೆ ಎಂದು ಅದನ್ನು ಕುಗ್ಗಿಸುವ ಮಾತ್ರೆ ಬರೆದರು. ಎದೆಹಾಲು ಕುಡಿಯುವ ಮಗುವಿನ ಚಿಂತೆಯಲ್ಲಿ ಅವಳು ನನಗೆ ಫೋನ್ ಮಾಡಿ ಅತ್ತಳು. "ಚಿಕ್ಕಪ್ಪ, ನಂಗೆ ಎದೆ ಹೊಡ್ಕೊಳ್ಳೋದು, ಕೈ ನಡುಗೋದು ಏನೂ ಇಲ್ವಲ್ಲ" ಎಂದಾಗ ನಾನು ಕೇಳಿದ್ದು ಅವಳು ಬೇರೆ ಏನೇನು ನುಂಗುತ್ತಿದ್ದಾಳೆಂದು. ಬಯೋಟಿನ್ ನಿಲ್ಲಿಸಿ, ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಎರಡೂ ಅಂಕಿ ಸರಿಯಾಗಿದ್ದವು. ಅವಳಿಗೆ ಯಾವ ರೋಗವೂ ಇರಲಿಲ್ಲ.

ಅನೇಕ ಪ್ರಯೋಗಾಲಯಗಳ ಹಾರ್ಮೋನ್ ಪರೀಕ್ಷೆಗಳಲ್ಲಿ ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತಾರೆ. ರಕ್ತದಲ್ಲಿ ಅದು ವಿಪರೀತವಾಗಿ ತುಂಬಿದ್ದರೆ ಪರೀಕ್ಷೆಯ ಅಂಟು ಹಿಡಿಯಬೇಕಾದಲ್ಲಿ ಹಿಡಿಯದೆ ಅಂಕಿಗಳು ತಲೆಕೆಳಗಾಗುತ್ತವೆ. ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡುವಾಗ, ಬಯೋಟಿನ್ ಹೆಚ್ಚು ಸೇವಿಸುತ್ತಿದ್ದ ರೋಗಿಯೊಬ್ಬರ ಟ್ರೋಪೋನಿನ್ ತಪ್ಪಾಗಿ ಕಡಿಮೆ ಬಂದು ಸಾವು ಸಂಭವಿಸಿದ್ದನ್ನೂ ತಿಳಿಸಿತ್ತು. ಆದ್ದರಿಂದ ಬಯೋಟಿನ್ ಸೇವಿಸುವವರು ರಕ್ತಪರೀಕ್ಷೆಗೆ ಕನಿಷ್ಠ ಎರಡು ಮೂರು ದಿನ ಮೊದಲು ಅದನ್ನು ನಿಲ್ಲಿಸಬೇಕು, ಪ್ರಮಾಣ ಹೆಚ್ಚಿದ್ದರೆ ವೈದ್ಯರನ್ನು ಕೇಳಿ ಇನ್ನೂ ಮೊದಲೇ ನಿಲ್ಲಿಸಬೇಕು, ರಕ್ತ ತೆಗೆಯುವವರಿಗೂ ಹೇಳಬೇಕು. ಮಲ್ಟಿವಿಟಮಿನ್ ಮಾತ್ರೆಗಳಲ್ಲಿಯೂ ಬಯೋಟಿನ್ ಇರಬಹುದೆಂಬುದನ್ನು ಮರೆಯಬಾರದು.

ಕಬ್ಬಿಣ: ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೋಡಬೇಕಾದದ್ದು

ಎರಡು ಮಾತ್ರೆಗಳನ್ನು ಎದುರುಬದುರು ಇಟ್ಟು ಒಂದನ್ನೇ ಆರಿಸಬೇಕಾದರೆ, ಮುಟ್ಟಿನ ವಯಸ್ಸಿನ ಹೆಣ್ಣುಮಕ್ಕಳ ಮಟ್ಟಿಗೆ ನಾನು ಬಯೋಟಿನ್ ಬದಿಗಿಟ್ಟು ಕಬ್ಬಿಣದ ಕಡೆಗೆ ಕೈ ತೋರಿಸುತ್ತೇನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಹಿಳೆಯರಿಗೆ. ಕಬ್ಬಿಣದ ಕೊರತೆಗೆ ಕೂದಲು ಉದುರುವುದರೊಂದಿಗೆ ನಂಟಿದೆ, ಮತ್ತು ಉಗುರು ಅದನ್ನು ಕಣ್ಣಿಗೆ ಕಾಣುವಂತೆ ಹೇಳುತ್ತದೆ: ಉಬ್ಬಿರಬೇಕಾದ ಉಗುರು ಚಪ್ಪಟೆಯಾಗಿ, ಆಮೇಲೆ ಚಮಚದಂತೆ ನಡುವೆ ತಗ್ಗಾಗುತ್ತದೆ. ಒಂದು ಹನಿ ನೀರು ಬಿಟ್ಟರೆ ಜಾರದೆ ಅಲ್ಲೇ ನಿಲ್ಲುವಂಥ ಉಗುರನ್ನು ಕೌಂಟರಿನ ಮೇಲೆ ಚಾಚಿದ ಕೈಗಳಲ್ಲಿ ನಾನು ಹಲವು ಬಾರಿ ಕಂಡಿದ್ದೇನೆ.

ಆದರೂ ಕಬ್ಬಿಣವನ್ನು ಊಹೆಯ ಮೇಲೆ ನುಂಗಬಾರದು. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ದೇಹದ ಕಬ್ಬಿಣದ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಕೈಯಲ್ಲಿರುವ ಹಣವಾದರೆ ಫೆರಿಟಿನ್ ಪೆಟ್ಟಿಗೆಯಲ್ಲಿಟ್ಟ ಉಳಿತಾಯ. ಪೆಟ್ಟಿಗೆ ಬರಿದಾದ ಮೇಲೂ ಕೆಲಕಾಲ ಕೈಯಲ್ಲಿ ಹಣ ಓಡಾಡುತ್ತಿರುತ್ತದೆ. ಹಿಮೋಗ್ಲೋಬಿನ್ 12 ಇದೆಯೆಂದು ಸಮಾಧಾನಪಟ್ಟವರಲ್ಲಿಯೂ ಫೆರಿಟಿನ್ 15ಕ್ಕಿಂತ ಕೆಳಗಿರುವುದು ಸಾಧ್ಯ. ಒಂದು ಎಚ್ಚರಿಕೆ: ಜ್ವರವೋ ಸೋಂಕೋ ಇರುವಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಗುಣವಾಗಿ ಕೆಲವು ವಾರ ಕಳೆದ ಮೇಲೆ ಮಾಡಿಸುವುದು ಲೇಸು.

ಕೊರತೆ ಖಚಿತವಾದರೆ ಆಯ್ಕೆ ಕಷ್ಟವೇನಲ್ಲ. 2018ರಿಂದ ನಡೆಯುತ್ತಿರುವ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗಳ ಮೂಲಕ ಉಚಿತವಾಗಿ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿದೆ. ಮಾರುಕಟ್ಟೆಯ ಬಣ್ಣದ ಡಬ್ಬಿಯ ಕಬ್ಬಿಣಕ್ಕೂ ಇದಕ್ಕೂ ಕೂದಲಿನ ದೃಷ್ಟಿಯಿಂದ ಭೇದವಿಲ್ಲ. ಹೊಟ್ಟೆ ಉರಿ, ಮಲಬದ್ಧತೆ ಹೆಚ್ಚಾದವರಿಗೆ ಬೇರೆ ಲವಣ ರೂಪದ ಕಬ್ಬಿಣ ಒಗ್ಗಬಹುದು. ದಿನ ಬಿಟ್ಟು ದಿನ ನುಂಗುವ ಕ್ರಮವನ್ನೂ ವೈದ್ಯರು ಸೂಚಿಸುವುದುಂಟು, ಏಕೆಂದರೆ ಒಂದು ಮಾತ್ರೆಯ ಬಳಿಕ ಸುಮಾರು ಒಂದು ದಿನ ಕರುಳು ಮುಂದಿನದನ್ನು ಅಷ್ಟಾಗಿ ಹೀರುವುದಿಲ್ಲ. ಮಲ ಕಪ್ಪಾಗುವುದಕ್ಕೆ ಹೆದರಬೇಕಿಲ್ಲ.

ನಮ್ಮಲ್ಲಿ ಕಬ್ಬಿಣ ಹಾಳಾಗುವುದು ಹೆಚ್ಚಾಗಿ ಕಾಫಿ ಲೋಟದಲ್ಲಿ. ಮಲೆನಾಡಿನ ಮನೆಗಳಲ್ಲಿ ತಿಂಡಿಯ ಹಿಂದೆಯೇ ಕಾಫಿ ಬರುತ್ತದೆ, ಮಾತ್ರೆಯೂ ಆಗಲೇ ನೆನಪಾಗುತ್ತದೆ. ಕಾಫಿ, ಚಹಾ ಎರಡೂ ಕಬ್ಬಿಣ ಹೀರುವುದನ್ನು ತಡೆಯುತ್ತವೆ, ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರವಿಟ್ಟು, ಲಿಂಬೆ ಪಾನಕದೊಂದಿಗೋ ಒಂದು ಹಸಿ ನೆಲ್ಲಿಕಾಯಿಯೊಂದಿಗೋ ತೆಗೆದುಕೊಂಡರೆ ಅದೇ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ನಾಲ್ಕು ಗಂಟೆ ಅಂತರ ಕೊಡಬೇಕು. ಹಿಮೋಗ್ಲೋಬಿನ್ ಸರಿಯಾದೊಡನೆ ನಿಲ್ಲಿಸದೆ, ಪೆಟ್ಟಿಗೆ ತುಂಬಲು ಇನ್ನೂ ಸುಮಾರು ಮೂರು ತಿಂಗಳು ವೈದ್ಯರ ಸಲಹೆಯಂತೆ ಮುಂದುವರಿಸಬೇಕು. ಮಕ್ಕಳಿರುವ ಮನೆಯಲ್ಲಿ ಈ ಮಾತ್ರೆಗಳು ಕೈಗೆಟುಕದ ಕಪಾಟಿನಲ್ಲಿರಲೇಬೇಕು. ಕೆಂಪು ಸಕ್ಕರೆ ಮಿಠಾಯಿಯೆಂದು ಮಗು ನಾಲ್ಕಾರು ನುಂಗಿದರೂ ಪ್ರಾಣಕ್ಕೆ ಅಪಾಯ.

ಡಿ ಮತ್ತು ಬಿ12

ಆಗುಂಬೆಯ ಸುತ್ತಮುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ವಾರಗಟ್ಟಲೆ ಬಿಸಿಲಿನ ಮುಖ ಕಾಣದ ಊರುಗಳಲ್ಲಿ, ಅದರಲ್ಲೂ ಮನೆಯೊಳಗೇ ಕೆಲಸ ಮಾಡುವವರಲ್ಲಿ, ವಿಟಮಿನ್ ಡಿ ತಗ್ಗುವುದು ಆಶ್ಚರ್ಯವಲ್ಲ. ಕೊರತೆಯಿದ್ದರೆ ಮೂಳೆ, ಸ್ನಾಯುಗಳ ಹಿತಕ್ಕಾಗಿ ಅದನ್ನು ಖಂಡಿತ ತುಂಬಿಸಿಕೊಳ್ಳಬೇಕು. ಕೂದಲು ಅದರಿಂದಲೇ ಮರಳುತ್ತದೆ ಎಂದು ಮಾತು ಕೊಡಲಾಗದು. ಇಲ್ಲಿ ನನ್ನ ಭಯ ಬೇರೆಯದು. 60,000 ಯೂನಿಟ್ಟಿನ ಮಾತ್ರೆ ವಾರಕ್ಕೆ ಒಂದು ಎಂದು ಬರೆದುಕೊಟ್ಟಿರುತ್ತಾರೆ. ಸಾಗರದ ಕಡೆಯ ಹಿರಿಯರೊಬ್ಬರು ಅದನ್ನು ದಿನಕ್ಕೊಂದರಂತೆ ಹದಿನೈದು ದಿನ ನುಂಗಿ, ವಾಂತಿ, ಮಂಪರು ಎಂದು ಆಸ್ಪತ್ರೆ ಸೇರಿದ್ದರು. ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಅಂದಿನಿಂದ ನಾನು ಹಾಳೆಯ ಮೇಲೆ "ಭಾನುವಾರ ಮಾತ್ರ" ಎಂದು ಪೆನ್ನಿನಲ್ಲಿ ಬರೆದೇ ಕೊಡುತ್ತೇನೆ.

ಬಿ12 ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ಬಿಡದವರು ಪರೀಕ್ಷಿಸಿಕೊಳ್ಳಬೇಕಾದ ವಿಟಮಿನ್. ಕೊರತೆಯಿದ್ದರೆ ಅಂಗಾಲು ಜೋಮು, ಆಯಾಸ, ಮರೆವು ಮೊದಲು ಕಾಣುತ್ತವೆ. ಕೂದಲು ಅವಕ್ಕಿಂತ ಹಿಂದಿನ ಸಾಲಿನದು.

ಹೆಚ್ಚಾದರೆ ಹಾನಿ ಮಾಡುವ ಮೂರು

ಸತು, ವಿಟಮಿನ್ ಎ, ಸೆಲೆನಿಯಂ. ಕೂದಲು ಮತ್ತು ಉಗುರಿಗೆಂದು ಮಾರುವ ಮಿಶ್ರಣಗಳಲ್ಲಿ ಇವು ಆಗಾಗ ಇರುತ್ತವೆ. ಸತುವಿನ ಕೊರತೆ ಕೂದಲು ಉದುರಿಸುವುದು ನಿಜವಾದರೂ, ದಿನಕ್ಕೆ 40 ಮಿಲಿಗ್ರಾಂ ಮೀರಿ ದೀರ್ಘಕಾಲ ನುಂಗಿದರೆ ದೇಹದ ತಾಮ್ರ ಕುಸಿದು ರಕ್ತಹೀನತೆ, ನರದೌರ್ಬಲ್ಯ ಬರುತ್ತದೆ. ಹಾಗಾಗಿ 50 ಮಿಲಿಗ್ರಾಮಿನ ಸತುವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ವಿಟಮಿನ್ ಎ ಮಿತಿಮೀರಿದರೆ ಕೂದಲು ಉದುರುವುದಷ್ಟೇ ಅಲ್ಲ, ಬಸುರಿಯಾದರೆ ಹೊಟ್ಟೆಯಲ್ಲಿರುವ ಕೂಸಿಗೂ ಅಂಗದೋಷ ಉಂಟಾಗುವ ಅಪಾಯವಿದೆ. ಸೆಲೆನಿಯಂ ವಿಷವಾದರೆ ಕೂದಲು, ಉಗುರು ಎರಡೂ ಕಳಚುತ್ತವೆ. 2008ರಲ್ಲಿ ಅಮೆರಿಕದಲ್ಲಿ ತಯಾರಿಕೆಯ ತಪ್ಪಿನಿಂದ ಲೇಬಲ್ಲಿನಲ್ಲಿದ್ದುದಕ್ಕಿಂತ ಇನ್ನೂರು ಪಟ್ಟು ಸೆಲೆನಿಯಂ ಸೇರಿದ್ದ ಒಂದು ಪೂರಕವನ್ನು ಕುಡಿದ ಸುಮಾರು ಇನ್ನೂರು ಜನರಲ್ಲಿ ಹೆಚ್ಚಿನವರಿಗೆ ಇದೇ ಆಯಿತು. ಎರಡು ಬೇರೆ ಬೇರೆ ಬಾಟಲಿಗಳನ್ನು ಒಟ್ಟಿಗೆ ಸೇವಿಸುವವರು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಈ ಮೂರರ ಪ್ರಮಾಣವನ್ನು ಕೂಡಿಸಿ ನೋಡಬೇಕು.

ಜೆಲ್ಲಿ ಮಿಠಾಯಿಯಂತೆ ಜಗಿಯುವ ಗಮ್ಮಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವುಗಳಲ್ಲಿ ಸಕ್ಕರೆಯಿದೆ, ಬಯೋಟಿನ್ ಇದೆ, ನಮಗೆ ನಿಜಕ್ಕೂ ಬೇಕಾದ ಕಬ್ಬಿಣ ಹೆಚ್ಚಿನವುಗಳಲ್ಲಿ ಇಲ್ಲ. ಕೊಲಾಜೆನ್ ಪುಡಿ ಹೊಟ್ಟೆಯಲ್ಲಿ ಇತರ ಪ್ರೋಟೀನಿನಂತೆಯೇ ಜೀರ್ಣವಾಗುತ್ತದೆ. ಅದು ಮೀನು ಅಥವಾ ದನದ ಮೂಲದ್ದಾಗಿರುವುದರಿಂದ ಸಸ್ಯಾಹಾರಿಗಳು ಡಬ್ಬಿಯ ಮೇಲಿನ ಗುರುತನ್ನು ನೋಡಬೇಕು. ಗರುಗದ ಸೊಪ್ಪು, ದಾಸವಾಳ ಹಾಕಿ ಕಾಯಿಸಿದ ಎಣ್ಣೆಯನ್ನು ಬಿಡಬೇಕೆಂದು ನಾನು ಹೇಳಲಾರೆ. ತೆಂಗಿನೆಣ್ಣೆ ಕೂದಲೆಳೆಯಿಂದ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸಿ ತುಂಡಾಗದಂತೆ ಕಾಯುತ್ತದೆ. ಬುಡದಿಂದ ಉದುರುವುದಕ್ಕೆ ಅದು ಉತ್ತರವಲ್ಲ.

ಉಗುರು ಹೊರಗಿನಿಂದ ಕೆಟ್ಟಾಗ

ಅಡಿಕೆ ಸುಲಿತದ ಕಾಲದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಅಕ್ಕ ಉಗುರಿಗೆ ವಿಟಮಿನ್ ಕೇಳಿಕೊಂಡು ಬಂದಿದ್ದರು. ಕೈ ಮುಂದೆ ಚಾಚಿದಾಗ ಹತ್ತೂ ಬೆರಳ ತುದಿ ಚೊಗರಿನಿಂದ ಕಪ್ಪಾಗಿದ್ದವು. ಬಲಗೈಯ ಹೆಬ್ಬೆರಳು, ತೋರುಬೆರಳಿನ ಉಗುರು ಈರುಳ್ಳಿ ಸಿಪ್ಪೆಯಂತೆ ಪದರ ಎದ್ದು ಅಂಚು ಸೀಳಿತ್ತು, ಎಡಗೈಯ ಉಗುರುಗಳು ಮಾತ್ರ ಹೆಚ್ಚುಕಡಿಮೆ ಸರಿಯಾಗಿದ್ದವು. ವಿಟಮಿನ್ ಕೊರತೆಯಾಗಿದ್ದರೆ ಅದು ಎಡಗೈ ಬಲಗೈ ಎಂದು ನೋಡುವುದಿಲ್ಲ. ಮೆಟ್ಟುಗತ್ತಿಯ ಮೇಲೆ ಹಸಿ ಅಡಿಕೆ ಸುಲಿಯುತ್ತ ದಿನವಿಡೀ ಒದ್ದೆಯಾಗಿ, ರಾತ್ರಿ ಒಣಗಿ, ಬೆಳಿಗ್ಗೆ ಪಾತ್ರೆ ತೊಳೆಯುವಾಗ ಮತ್ತೆ ನೆನೆದು ಉಗುರಿನ ಪದರಗಳು ಬಿಡಿಸಿಕೊಂಡಿದ್ದವು. ನಾನು ಅವರಿಗೆ ಮಾತ್ರೆ ಕೊಡಲಿಲ್ಲ. ಒಳಗೆ ತೆಳುವಾದ ಹತ್ತಿಯ ಕೈಗವಸು, ಅದರ ಮೇಲೆ ರಬ್ಬರಿನದು ಹಾಕಿಕೊಳ್ಳಲು, ಉಗುರನ್ನು ಗಿಡ್ಡವಾಗಿ ಕತ್ತರಿಸಲು, ಮಲಗುವಾಗ ತೆಂಗಿನೆಣ್ಣೆಯನ್ನೋ ವ್ಯಾಸಲೀನನ್ನೋ ಉಗುರಿನ ಬುಡಕ್ಕೆ ತಿಕ್ಕಲು ಹೇಳಿದೆ. ಗದ್ದೆ ನಾಟಿ, ಬಟ್ಟೆ ಒಗೆತ, ಹೋಟೆಲಿನ ಪಾತ್ರೆ ಕೆಲಸ ಮಾಡುವವರಿಗೂ ಇದೇ ಮಾತು. ಉಗುರು ದಪ್ಪವಾಗಿ ಹಳದಿಯಾಗಿ ಪುಡಿಪುಡಿಯಾಗುತ್ತಿದ್ದರೆ ಅದು ಶಿಲೀಂಧ್ರದ ಸೋಂಕಿರಬಹುದು, ಬುಡ ಊದಿ ನೋಯುತ್ತಿದ್ದರೆ ಉಗುರುಸುತ್ತು. ಎರಡಕ್ಕೂ ವಿಟಮಿನ್ ಮದ್ದಲ್ಲ.

ಊಟವನ್ನು ಎಲ್ಲಿಡಬೇಕು?

ಮೇಲಿನ ಎಲ್ಲವಕ್ಕೂ ಮೊದಲು. ಕೂದಲು, ಉಗುರು ಎರಡೂ ಕೆರಾಟಿನ್ ಎಂಬ ಪ್ರೋಟೀನಿನಿಂದಾದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೇಹದ ತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 55 ಕಿಲೋ ತೂಕದವರಿಗೆ ಸುಮಾರು 46 ಗ್ರಾಂ. ಬೆಳಿಗ್ಗೆ ಕಡುಬು ಇಲ್ಲವೇ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಗಂಜಿ ಉಪ್ಪಿನಕಾಯಿ ಎಂಬ ಊಟದಲ್ಲಿ ಅಷ್ಟು ಸೇರುವುದು ಕಷ್ಟ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ, ಒಂದು ಮೊಟ್ಟೆಯಲ್ಲಿ ಆರು, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಹುರುಳಿಯ ಕಟ್ಟನ್ನು ಮಾತ್ರ ಸಾರಿಗೆ ಬಳಸಿ ಬೆಂದ ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ. ಆ ಕಾಳಿಗೆ ಒಗ್ಗರಣೆ ಹಾಕಿ ಲಿಂಬೆ ಹಿಂಡಿ ಮನೆಯ ಹೆಣ್ಣುಮಕ್ಕಳು ತಿಂದರೆ, ತಿಂಗಳಿಗೊಂದು ಬಾಟಲಿ ಬಯೋಟಿನ್ನಿಗಿಂತ ಹೆಚ್ಚಿನ ಉಪಕಾರ ಕೂದಲಿಗಾಗುತ್ತದೆ. ತೂಕ ಇಳಿಸಲೆಂದು ಊಟ ಬಿಟ್ಟವರು ಊಟ ಸರಿಪಡಿಸದೆ ಯಾವ ಮಾತ್ರೆ ನುಂಗಿದರೂ ವ್ಯರ್ಥ.

ಹಾಗಾದರೆ ನೀವು ಯಾವುದನ್ನು ಆರಿಸಬೇಕು? ಈಚೆಗೆ ಜ್ವರವೋ ಹೆರಿಗೆಯೋ ಆಗಿದ್ದರೆ ಪ್ರೋಟೀನ್ ಹೆಚ್ಚಿಸಿ, ರಕ್ತಹೀನತೆಯಿದೆಯೇ ನೋಡಿಕೊಂಡು, ಆರು ತಿಂಗಳು ತಾಳಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರು, ಮೆಟ್ಟಿಲೇರಿದರೆ ಏದುಸಿರು ಬರುವವರು ಮೊದಲು ಫೆರಿಟಿನ್ ಮಾಡಿಸಿ. ನೆತ್ತಿ, ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ತಂದೆ ತಾಯಿಯ ಕಡೆಯಲ್ಲೂ ಹಾಗೆಯೇ ಇದ್ದರೆ, ಅದು ವಂಶದಿಂದ ಬಂದದ್ದು. ಅದಕ್ಕೆ ಮಿನಾಕ್ಸಿಡಿಲ್‌ನಂಥ ಬೇರೆಯೇ ಚಿಕಿತ್ಸೆಯಿದೆ, ವಿಟಮಿನ್ನಿನಲ್ಲಿ ವರ್ಷಗಳನ್ನು ಕಳೆಯಬೇಡಿ. ನಾಣ್ಯದಷ್ಟಗಲ ಬೋಳಾಗಿದ್ದರೆ, ತಲೆಯಲ್ಲಿ ಹುಣ್ಣು, ಹೊಪ್ಪಳೆ ಇದ್ದರೆ, ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬರುತ್ತಿದ್ದರೆ ನೇರವಾಗಿ ವೈದ್ಯರಲ್ಲಿಗೆ ಹೋಗಿ. ಖಾಸಗಿ ಶುಲ್ಕ ಕಷ್ಟವಾದವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ.

ಯಾವ ಮಾತ್ರೆ ಆರಂಭಿಸಿದರೂ ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಕೈಯ ಉಗುರು ಮೂರು ಮಿಲಿಮೀಟರ್ ಬೆಳೆಯುತ್ತವೆ. ಕೈಯುಗುರು ಪೂರ್ತಿ ಹೊಸದಾಗಲು ಆರು ತಿಂಗಳು, ಕಾಲಿನದಕ್ಕೆ ವರ್ಷದ ಮೇಲೆ ಬೇಕು. ಹದಿನೈದು ದಿನಕ್ಕೆ ಫಲ ಕಾಣಲಿಲ್ಲವೆಂದು ಬಾಟಲಿ ಬದಲಿಸುವುದೂ ತಪ್ಪು, ಎರಡು ವರ್ಷವಾದರೂ ಯಾರನ್ನೂ ಕೇಳದೆ ಅದನ್ನೇ ನುಂಗುತ್ತಿರುವುದೂ ತಪ್ಪು. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಹಾಳೆ, ಬಾಟಲಿಗಳನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. "ಅದು ಬರೀ ವಿಟಮಿನ್ ಅಲ್ವಾ" ಎಂದು ಮನೆಯಲ್ಲೇ ಬಿಟ್ಟುಬಂದ ಬಾಟಲಿಯಿಂದಲೇ ನನ್ನ ಅಣ್ಣನ ಮಗಳಿಗೆ ಇಲ್ಲದ ರೋಗದ ಮದ್ದು ಬರೆದುಕೊಟ್ಟದ್ದು.